ಶಾಪದ ಕತ್ತಿಯ ಎವಾರಿಸ್ತೋ

ಪೈಸಾಂದು ಊರಿನ ಸೈಕಲ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನಾವು ನಾಲ್ವರು ಮಣೆಯ ಮೇಲೆ ಗೊಂಬೆ ನಡೆಸಿ ಆಡುವ ಸಾಹಸದಾಟದಲ್ಲಿ ಶಾಪದ ಕತ್ತಿ ಸಿಕ್ಕಿತೆಂದರೆ ಅದು ಎವಾರಿಸ್ತೋಗೇ. ಮೂರು ಕತ್ತಿಗಳ ಬಲವಿರುವ ಅದು ಏಟಿಗೊಮ್ಮೆ ಹಿಡಿದವನ ಪ್ರಾಣವನ್ನೂ ಹೀರುತ್ತದೆ. ಅವನು ಸತ್ತರೆ ಪಕ್ಕದ ಚೌಕದಲ್ಲಿ ನಿಂತ ಗೆಳೆಯನ ಕೈಗೆ ಅಂಟಿಕೊಳ್ಳುತ್ತದೆ. ಅದನ್ನು ಪಳಗಿಸುವುದರಲ್ಲಿ ಈ ಅರವತ್ತೆಂಟರ ಮುದುಕನನ್ನು ಮೀರಿಸಿದವರಿಲ್ಲ. ಇಲಿ ಹೆಗ್ಗಣಗಳಿಗೆಲ್ಲ ಕತ್ತಿ ಒರೆಯಿಂದ ಹೊರಬರುವುದಿಲ್ಲ, ರಾಕ್ಷಸನೇ ಬರಬೇಕು. ಎರಡೇಟು ಹಾಕಿ ಒಂದು ಗುಟುಕು ಮದ್ದು ಕುಡಿಯುತ್ತಾನೆ. ತನ್ನ ಗೊಂಬೆಯನ್ನು ಮಾತ್ರ ಸದಾ ನಮ್ಮಿಂದ ಎರಡು ಚೌಕ ದೂರ ನಿಲ್ಲಿಸುತ್ತಾನೆ. "ಹತ್ರ ಬರ್ಬೇಡ್ರೋ, ಇದು ನನಗೇ ಇರ್ಲಿ" ಎಂಬುದು ಅವನ ಪಲ್ಲವಿ. ನಾವೆಲ್ಲ ಒಂದೇ ಸೋರೆಬುರುಡೆಯಿಂದ ಸರದಿಯಂತೆ ಮಾಟೆ ಕಷಾಯ ಹೀರುವಾಗ ಅವನು ಚೀಲದಿಂದ ತನ್ನದೇ ಬುರುಡೆ ತೆಗೆಯುತ್ತಾನೆ. "ಏನಯ್ಯಾ ಜಿಪುಣ, ನಮಗೂ ಒಂದ್ ಗುಟುಕು ಕೊಟ್ರೆ ನಿನ್ ಗಂಟೇನು ಹೋಗುತ್ತೆ?" ಎಂದು ನೆಲಿದಾ ಛೇಡಿಸುತ್ತಿದ್ದಳು. ಮೊನ್ನೆ ಅವನ ವೀರ ಸಾಯುವಂತಾದಾಗ, ವೈದ್ಯೆಯ ಪಾತ್ರ ಆಡುವ ನೆಲಿದಾ ತನ್ನ ಗೊಂಬೆಯನ್ನು ಅವನ ಪಕ್ಕಕ್ಕೆ ಸರಿಸಿದಳು. "ದೂರ ಹೋಗೇ, ಇನೆಸ್!" ಎಂದು ಅವನು ಕಿರುಚಿದ. ನಮ್ಮಲ್ಲಿ ಇನೆಸ್ ಎಂಬವರು ಯಾರೂ ಇಲ್ಲ. ಅವಳು ತನ್ನ ತಂಗಿ ಎಂದು ಅವನೇ ಹೇಳಿದ. ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಮನೆಗೆ ತಂದ ಕ್ಷಯ ಅವನನ್ನು ಬಿಟ್ಟಿತಂತೆ. ಅವನ ಬುರುಡೆಯಿಂದಲೇ ಮಾಟೆ ಕುಡಿಯುತ್ತಿದ್ದ ಅವಳನ್ನು ಬಿಡಲಿಲ್ಲ.