ಅಫೀಮಿಲ್ಲದ ಗುಳಿಗೆ

ಚೌಡಮ್ಮಾ, ನಿನ್ನ ಅಪ್ಪ ಸತ್ತದ್ದು ನಿನ್ನ ಕೈಯಿಂದಲ್ಲ — ನನ್ನ ಕೈಯಿಂದ. ಇಷ್ಟು ವರ್ಷ ಇದು ಗೊತ್ತಿದ್ದವನು ನಾನೊಬ್ಬನೇ.

ಆಗ ಬಿಳಿಯರ ಸರ್ಕಾರ; ಅಫೀಮಿನ ಅಂಗಡಿಗೆ ಪರವಾನಗಿ ಕೊಡುತ್ತಿದ್ದದ್ದೂ ಅದೇ. ಉಡುಮಲೈಪೇಟೆ ಪಕ್ಕದ ನಮ್ಮ ಊರಿನ ಧರ್ಮಾಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ ಕಾಲುನೋವಿಗೆಂದು ಅಫೀಮು ಹಿಡಿದವರು ಬಿಡಲಾರದೆ ಸೊರಗುತ್ತಿದ್ದರು. ಹೊಸ ಡಾಕ್ಟರು ಮನೆಮನೆಗೂ ಹೋಗಿ ಅವರನ್ನು ಒಪ್ಪಿಸಿದರು: ದಿನವೂ ಬೆಳಿಗ್ಗೆ ಬಂದು ಅಳೆದು ಕಟ್ಟಿದ ಅಫೀಮಿನ ಗುಳಿಗೆಯನ್ನು ನಮ್ಮೆದುರೇ ನುಂಗಬೇಕು, ವಾರವಾರವೂ ಅಳತೆ ಒಂದಿಷ್ಟು ಇಳಿಯುತ್ತದೆ. ಮೊದಲು ಬಂದವರು ನಿನ್ನ ಅಪ್ಪ — ನನಗೆ ಲಿಂಗಪ್ಪ ದೊಡ್ಡಪ್ಪ.

ಗುಳಿಗೆ ಕಟ್ಟುತ್ತ ನನಗೊಂದು ಪ್ರಶ್ನೆ ಹುಟ್ಟಿತು. ಅಫೀಮು ಕೇಳುವುದು ಮೈಯೋ, ಮನಸ್ಸೋ? ಅದೇ ಬಣ್ಣ, ಅದೇ ಕಹಿ ಇದ್ದು ಒಳಗೆ ಅಫೀಮೇ ಇಲ್ಲದಿದ್ದರೆ? ಡಾಕ್ಟರನ್ನು ಕೇಳಬಹುದಿತ್ತು. ಬೇಡವೆನ್ನುತ್ತಾರೆಂದು ಗೊತ್ತಿದ್ದೇ ಕೇಳಲಿಲ್ಲ. ನೆಲಬೇವು ಅರೆದು, ಬೆಲ್ಲ ಸೇರಿಸಿ ಕಟ್ಟಿ, ಅಫೀಮಿನ ಗುಳಿಗೆಯ ಬದಲು ದಿನವೂ ದೊಡ್ಡಪ್ಪನಿಗೆ ಕೊಡತೊಡಗಿದೆ. ಅವರು ಯಾವುದಕ್ಕೂ ದೂರುವವರಲ್ಲ — ಅದಕ್ಕೇ ಅವರನ್ನು ಆರಿಸಿಕೊಂಡೆ.

ಮೂರು ದಿನ ಮೂಗು ಸೋರಿತು, ಹೊಟ್ಟೆ ಕೆಟ್ಟಿತು, ಮಗ್ಗದಲ್ಲಿ ಕೂರಲಾಗದಷ್ಟು ಕಾಲು ಸೆಳೆಯಿತು. ಚಳಿಜ್ವರವಿರಬೇಕು ಎಂದರು. ನಾನು ನಾಡಿ ಹಿಡಿದೆ, ಕಣ್ಣು ನೋಡಿದೆ, ಎಲ್ಲ ಬರೆದಿಟ್ಟುಕೊಂಡೆ. ಮರುಕ ಹುಟ್ಟಲಿಲ್ಲವೆಂದಲ್ಲ — ನಾಳೆ ಏನಾಗುವುದೋ ನೋಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಹತ್ತನೆಯ ದಿನ ಹಸಿವಾಗುತ್ತಿದೆ ಎಂದರು. ತಿಂಗಳಾಗುವಷ್ಟರಲ್ಲಿ ನೇಯುತ್ತ ಹಾಡತೊಡಗಿದರು. ಅರ್ಧ ಅಳತೆಗೇ ಇಷ್ಟು ಗೆಲುವೇ ಎಂದು ಡಾಕ್ಟರು ಬೆರಗಾದರು. ನಿಜ ಹೇಳಬೇಕಾಗಿದ್ದದ್ದು ಆಗಲೇ. ಇನ್ನೊಂದು ವಾರ ನೋಡೋಣ ಎಂದುಕೊಂಡೆ —

ಆ ವಾರವೇ ಅವರಿಗೆ ಹಲ್ಲುನೋವು. ಡಾಕ್ಟರು ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕಲು ಹಳ್ಳಿಗಳಿಗೆ ಹೋಗಿದ್ದರು. ನೋವು ನೋಡಲಾಗದೆ ನೀನು ಮನೆಯಲ್ಲಿ ಉಳಿದಿದ್ದ ಅಫೀಮನ್ನು ತೆಗೆದು, ಅವರು ಹಿಂದೆ ದಿನವೂ ತಿನ್ನುತ್ತಿದ್ದಷ್ಟನ್ನೇ ಕೊಟ್ಟೆ. ಅರ್ಧ ಅಳತೆಗೆ ಒಗ್ಗಿದ ಮೈ ಅದನ್ನು ತಾಳುತ್ತಿತ್ತೇನೋ. ತಿಂಗಳಿಂದ ಒಂದು ಚೂರೂ ಕಾಣದ ಮೈ ತಾಳಲಿಲ್ಲ. ನಾನು ಓಡಿ ಬಂದಾಗ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಉಸಿರು ಎಲ್ಲೋ ಒಂದೊಂದು. ಎಷ್ಟು ಅಲುಗಿಸಿದರೂ ಏಳಲಿಲ್ಲ.

"ಅಣ್ಣಾ, ನಾ ಕೊಟ್ಟ ಅಪಿನಿ ಜಾಸ್ತಿ ಆಯ್ತಾ?" ಎಂದು ಕೇಳಿದೆ ನೀನು.

"ಜಾಸ್ತಿಯೇ ಇರಬೇಕಮ್ಮಾ," ಎಂದೆ.

ಗುಳಿಗೆಯ ಅಳತೆ ತಪ್ಪಿರಲಿಲ್ಲ ತಾನೆ ಎಂದು ಡಾಕ್ಟರೂ ಕೇಳಿದರು. ಇಲ್ಲವೆಂದೆ. ತಮ್ಮ ಏರ್ಪಾಡಿನಲ್ಲೇ ದೋಷವಿದೆಯೆಂದು ಅವರು ಅದನ್ನು ನಿಲ್ಲಿಸಿದರು. ಬರುತ್ತಿದ್ದವರೆಲ್ಲ ಮತ್ತೆ ಅಂಗಡಿಯ ದಾರಿ ಹಿಡಿದರು. ಅವರಲ್ಲಿ ಯಾರು ಏನಾದರೋ — ಅದನ್ನು ಮಾತ್ರ ತಿಳಿಯುವ ಆಸೆ ನನಗೆ ಹುಟ್ಟಲಿಲ್ಲ.

ಆಮೇಲೆ ನಿನ್ನ ಮಗನಿಗೆ ಜ್ವರ ಬಂದಾಗಲೆಲ್ಲ ಔಷಧಿ ಕುಡಿಸಲು ನೀನು ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ. ನಿನ್ನ ಕೈಯನ್ನು ನೀನೇ ನಂಬುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು.

ನಿನಗೆ ಕನ್ನಡ ಅಕ್ಷರ ಬಾರದು. ಇದನ್ನು ಬೇರೆಯವರಿಂದ ಓದಿಸಲಾರೆ. ನಾಳೆ ಬೆಳಿಗ್ಗೆ ನಾನೇ ಬಂದು, ನಿನ್ನೆದುರು ಕೂತು ಓದುತ್ತೇನೆ. ಆಮೇಲೆ ನೀನು ಏನು ಹೇಳಿದರೂ — ಏನೂ ಹೇಳದಿದ್ದರೂ — ಎದ್ದು ಹೋಗುವುದಿಲ್ಲ.