ಮಂಚೇನಹಳ್ಳಿಯ ಕಾವಲಿಗಳು

೨೦೦೫ರ ಏಪ್ರಿಲ್ ಒಂದು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗೌರಿಬಿದನೂರಿನ ಪಾತ್ರೆ ಅಂಗಡಿಯಲ್ಲಿ ಮಾಲೀಕರು, ಲೆಕ್ಕ ಬರೆಯುವ ನಾನು, ಇಬ್ಬರೇ. ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂದ ಮೊದಲ ದಿನ. ಎಂದಿನಂತೆ ಮೇಜು ಒರೆಸಿ, ಪೆನ್ನಿಗೆ ಶಾಯಿ ತುಂಬಿ ಕುಳಿತಿದ್ದೆ.

ಮಂಚೇನಹಳ್ಳಿಯ ಬಸ್ಸಿಳಿದು ಕಮ್ಮಾರನ ಹೆಂಡತಿ ಬಂದಳು. ಗಂಡ ಬಡಿದ ದೋಸೆ ಕಾವಲಿಗಳನ್ನು ಚೀಲದಲ್ಲಿ ಹೊತ್ತು ತಂದು ನಮಗೆ ಮಾರುತ್ತಿದ್ದವಳು. ಬೇರೆ ಗಿರಾಕಿ ಅವರಿಗಿರಲಿಲ್ಲ. ಹಿಂದಿನ ಸಲ ಬಂದಾಗ ನಾನೇ, ತಲೆಯೆತ್ತದೆ, "ಇನ್ಮೇಲೆ ಬಿಲ್ ತಗೊಂಡು ಬಾಮ್ಮ" ಅಂದಿದ್ದೆ.

ಅವಳು ಹೊಸ ಬಿಲ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ಗಂಡನ ಹೆಸರು, ಪಕ್ಕದಲ್ಲಿ ಲಕ್ಷ್ಮಿಯ ಚಿತ್ರ.

"ಪ್ರೆಸ್ಸಿನವನ ಹತ್ರ ಜಗಳ ಆಡಿ ಮಾಡಿಸ್ದೆ ಸಾರ್. ಬಣ್ಣದ್ದು!"

"ಮದುವೆ ಪತ್ರಿಕೆ ಇದ್ದಂಗೈತಲ್ಲಮ್ಮ, ಊಟ ಯಾವತ್ತು?" ಎಂದರು ಮಾಲೀಕರು. ಅವಳೂ ನಕ್ಕಳು.

ನನಗೆ ನಗಲಾಗಲಿಲ್ಲ. ಅದರಲ್ಲಿ ತೆರಿಗೆ ಇಲಾಖೆಯ ನೋಂದಣಿ ಸಂಖ್ಯೆ ಇರಲಿಲ್ಲ. ನೋಂದಾಯಿಸಿದವರಿಂದ ಕೊಂಡರೆ ಮಾತ್ರ, ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆಯಬಹುದು. ಇಲ್ಲದಿದ್ದರೆ ಹೊರೆಯೆಲ್ಲ ಅಂಗಡಿಯದು. ಹಿಂದಿನ ಸಲ ಬಿಲ್ ಕೇಳಿದಾಗ ಇಷ್ಟನ್ನು ಬಿಡಿಸಿ ಹೇಳಿರಲಿಲ್ಲ. ಈಗ ಹೇಳಿದೆ.

"ಹಂಗಾದ್ರೆ ನೋಂದಣಿ ಮಾಡ್ಸಣ ಸಾರ್."

"ತಿಂಗಳು ತಿಂಗಳೂ ಲೆಕ್ಕ ಒಪ್ಪಿಸ್ಬೇಕಮ್ಮ."

"ನಮಗ್ಯಾರು ಬರ್ದುಕೊಡ್ತಾರೆ?"

ನಾನು ಬರೆದುಕೊಡುತ್ತೇನೆ ಎನ್ನಬಹುದಿತ್ತು. ಸಂಜೆ ಆರಕ್ಕೆ ಕೆಲಸ ಮುಗಿಸಿ ಮನೆ ಸೇರುವುದು ನನ್ನ ವಾಡಿಕೆ. ಬಿಲ್ ಪುಸ್ತಕವನ್ನು ಅವಳತ್ತ ಸರಿಸಿದೆ.

"ಹೋಗ್ಲಿ ಬಿಡಿ, ಹಿಂದೂಪುರದಾಗೆ ಮಾರ್ತೀನಿ. ಅದು ಆಂಧ್ರ."

"ಅಲ್ಲೂ ಇವತ್ತಿಂದ ಇದೇ ಕಣಮ್ಮ," ಎಂದರು ಮಾಲೀಕರು. "ರಾಜ್ಯ ರಾಜ್ಯಕ್ಕೂ ಒಂದೇ ಥರ ಮಾಡ್ತಾವ್ರೆ."

"ಅಯ್ಯೋ ದೇವುಡಾ! ನಮ್ ಕಾವಲಿಗೋಸ್ಕರ ಎರಡು ಸರ್ಕಾರ ಮಾತಾಡ್ಕೊಂಡವಾ?"

ಇದೊಂದು ಸಲ ತೆಗೆದುಕೊಳ್ಳೋಣವೇ ಎಂದು ಮಾಲೀಕರ ಮುಖ ನೋಡಿದೆ.

"ನೀವೇ ಹೇಳಿ ಸಾರ್. ಲೆಕ್ಕ ನಿಮ್ದು," ಎಂದರು ಅವರು.

ಬೇಡವೆಂದು ನಾನೇ ಹೇಳಿದೆ.

ಚೀಲದ ಒಂದು ತುದಿ ಹಿಡಿದು ಬಸ್ ನಿಲ್ದಾಣದವರೆಗೆ ಹೋದೆ. "ನಿಧಾನ ಸಾರ್, ಸೊಂಟ ಹಿಡ್ಕೊಂಡೀತು," ಎಂದಳು. ಬೈದಿದ್ದರೆ ವಾಸಿಯಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಪಕ್ಕ ನಿಲ್ಲಲಾಗದೆ, ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ವಾಪಸಾದೆ.

ಕೆಲಸವೇನೋ ಇತ್ತು. ಕಾವಲಿ ಕೇಳಿಕೊಂಡು ಬರುವವರನ್ನು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಆರು ಗಂಟೆಗೆ ಮೊದಲು ಬೆಂಗಳೂರಿನ ಸಗಟು ವ್ಯಾಪಾರಿಗೆ ಕಾರ್ಖಾನೆಯ ಕಾವಲಿಗಳಿಗಾಗಿ ಆರ್ಡರ್ ಬರೆದು, ಮಾಲೀಕರ ಸಹಿ ಹಾಕಿಸಿ, ಅಂಚೆಗೆ ಹಾಕಿದೆ.