ಒಂದೇ ಸಂಜೆ ಇದ್ದ ಚಾಕು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಲ್ಲಲ್ಲದ ವಸ್ತುಗಳು ಬಹಳ ಕಡಿಮೆ ಇದ್ದವು. ಗೋಡೆ ಕಲ್ಲಿನದು, ನೆಲ ಕಲ್ಲಿನದು, ತಲೆಯ ಮೇಲೆ ಹೊದಿಸಿದ್ದೂ ಉದ್ದುದ್ದ ಕಲ್ಲಿನ ಚಪ್ಪಡಿಗಳೇ. ಶಹಾಬಾದಿನ ಪಕ್ಕದ ಭಂಕೂರಿನಲ್ಲಿ ಎಲ್ಲರ ಮನೆಯೂ ಹಾಗೆಯೇ ಇತ್ತು, ಏಕೆಂದರೆ ಊರಿನ ಸುತ್ತ ಎಲ್ಲಿ ಅಗೆದರೂ ಕಲ್ಲೇ ಸಿಗುತ್ತಿತ್ತು. ಅಪ್ಪ ಅಂಥ ಒಂದು ಗಣಿಯಲ್ಲಿ ದುಡಿಯುತ್ತಿದ್ದ. ಚಪ್ಪಡಿಗಳ ನಡುವೆ ಒಣಹುಲ್ಲು ಇಟ್ಟು, ಹಗ್ಗದಿಂದ ಬಿಗಿದು, ಲಾರಿಗೆ ಸಿದ್ಧಮಾಡುವುದು ಅವನ ಕೆಲಸ.

ಅಪ್ಪನಿಗೆ ಎಲ್ಲದಕ್ಕೂ ಒಂದು ಹೊತ್ತು, ಒಂದು ಜಾಗ. ಸಂಜೆ ಬಂದು ಕೈಕಾಲು ತೊಳೆದು, ಗೋಡೆಯ ಗೂಡಿನಲ್ಲಿ ಮೊದಲು ತಂಬಾಕಿನ ಚೀಲ, ಅದರ ಪಕ್ಕ ಬೀಗದ ಕೈ, ಕೊನೆಗೆ ಮಡಚುವ ಚಾಕು ಇಡುತ್ತಿದ್ದ. ಆಮೇಲೆಯೇ ಮಾತು. ಆ ಗೂಡಿನ ಕೆಳಗೆ ನಾನು ಬರೆಯುವ ಪಾಟಿ ಇರಬೇಕು, ಅಲ್ಲೇ ಇರಬೇಕು. ಇಂದಿಗೂ ನನ್ನ ಕನ್ನಡಕ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ನಾನು ಸಿಡುಕುವುದು ಅಲ್ಲಿಂದ ಬಂದದ್ದು.

ಆ ಚಾಕು ಹಳೆಯದಾಗಿತ್ತು. ಅದರ ಸ್ಪ್ರಿಂಗ್ ಸಡಿಲಾಗಿ, ಹಗ್ಗ ಕೊಯ್ಯುವಾಗ ಅಲಗು ತಾನೇ ಮಡಚಿಕೊಂಡು ಅಪ್ಪನ ಹೆಬ್ಬೆರಳಿಗೆ ತಾಗುತ್ತಿತ್ತು. ಅಪ್ಪ ಹಿಡಿಗೆ ದಾರ ಸುತ್ತಿದ. ದಾರ ಹರಿಯಿತು. ಮತ್ತೆ ಸುತ್ತಿದ. ಬೆರಳಿಗೆ ಬಟ್ಟೆ ಕಟ್ಟುತ್ತ ಅವ್ವ ಒಂದು ದಿನ, "ಈ ಬೆರಳ ಹೋದ್ರ ಹಗ್ಗ ಬಿಗಿಯಾಕ ಆಗಂಗಿಲ್ಲ. ಹಗ್ಗ ಬಿಗಿಯಾಕ ಆಗ್ಲಿಲ್ಲಂದ್ರ ನಿನ್ನ ಯಾರ ಇಟ್ಕೋತಾರ?" ಎಂದಳು. ಅಕ್ಕ ಮತ್ತು ನಾನು ಮುಖ ಮುಖ ನೋಡಿಕೊಂಡೆವು.

ಅಕ್ಕ ನೆರೆಮನೆಯವರಿಗೆ ಕೌದಿ ಹೊಲಿದುಕೊಟ್ಟಳು. ನಾನು ಬೇವಿನ ಬೀಜ ಆರಿಸಿ ಮಾರಿದೆ. ಚಳಿಗಾಲ ಬರುವ ಹೊತ್ತಿಗೆ ಸಾಧಾರಣದ್ದೊಂದು ಚಾಕುವಿಗೆ ಆಗುವಷ್ಟು ಕೂಡಿತು. ಸಂತೆಯ ದಿನ ಬೆಳಿಗ್ಗೆಯೇ ಇಬ್ಬರೂ ಶಹಾಬಾದಿಗೆ ನಡೆದೆವು. ದಾರಿಯ ಕಲ್ಲಿನ ಪುಡಿ ಮೊಣಕಾಲಿನವರೆಗೆ ಬೂದಿಯಂತೆ ಹತ್ತಿತ್ತು. ಸಂತೆಯಲ್ಲಿ ಪೇರಲ ಹಣ್ಣಿನ ವಾಸನೆ, ಕರಿದ ಮಿರ್ಚಿಯ ವಾಸನೆ, ದೂರದಲ್ಲಿ ರೈಲಿನ ಕೂಗು.

ಸಾಣೆ ಹಿಡಿಯುವ ಮುದುಕನೊಬ್ಬ ಗೋಣಿತಟ್ಟಿನ ಮೇಲೆ ಚಾಕುಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದ. ನಾವು ಅವನನ್ನು ಚಾಚಾ ಎನ್ನುತ್ತಿದ್ದೆವು. ಸಾಲಿನ ಮೊದಲಲ್ಲಿ ಕೊಂಬಿನ ಹಿಡಿಯ, ಹಿತ್ತಾಳೆಯ ತುದಿಯ ಚಾಕು ಇತ್ತು. ಅಕ್ಕ ಅದನ್ನು ಮುಟ್ಟದೆಯೇ, "ಭಾಳ ಚೆಂದ ಅದ ಚಾಚಾ" ಎಂದಳು.

"ನಿಂದೇ ಅದ ಬೇಟಿ, ಇಟ್ಕೋ," ಎಂದ ಚಾಚಾ.

"ನಿಮ್ಮ ಕೈಯಾಗೇ ಚೆಂದ ಕಾಣ್ತದ, ಚಾಚಾ."

ಇಬ್ಬರೂ ನಕ್ಕರು. ಇದು ನಮ್ಮ ಕಡೆಯ ಮರ್ಯಾದೆ. ಯಾರಾದರೂ ನಿಮ್ಮ ವಸ್ತುವನ್ನು ಚೆಂದ ಎಂದರೆ, "ನಿಮ್ದೇ ಅದ, ಇಟ್ಕೋರಿ" ಎನ್ನಬೇಕು. ಅವರು ಬೇಡವೆಂದರೆ ಇನ್ನೊಮ್ಮೆ ಹೇಳಬೇಕು, ಇಲ್ಲದಿದ್ದರೆ ಮೊದಲು ಹೇಳಿದ್ದು ಬರಿ ತೋರಿಕೆ ಎಂದಾಗುತ್ತದೆ. ಆಗ ಮೆಚ್ಚಿದವರು, "ನಿಮ್ಮ ಕೈಯಾಗೇ ಚೆಂದ ಕಾಣ್ತದ" ಎಂದು ಮಾತು ಮುಗಿಸಬೇಕು. ವಸ್ತು ಇದ್ದಲ್ಲಿಯೇ ಇರುತ್ತಿತ್ತು. ಮನಸ್ಸು ಮಾತ್ರ ಅತ್ತಿತ್ತ ಹೋಗಿ ಬರುತ್ತಿತ್ತು. ದರ್ಜಿ, ಹೂವಾಡಗಿತ್ತಿ, ಶಾಲೆಯ ಮಾಸ್ತರು, ಎಲ್ಲರಿಗೂ ಇದು ಗೊತ್ತಿತ್ತು.

ನಮ್ಮ ಕೈಗೆ ಎಟುಕುವಂಥವು ಎರಡಿದ್ದವು. ಒಂದು ತಗಡಿನ ಹಿಡಿಯದು, ಮೇಲೆ ಬಣ್ಣದ ನವಿಲು. ನನ್ನ ಕಣ್ಣು ನವಿಲಿನ ಮೇಲೆಯೇ. ಇನ್ನೊಂದು ಬರಿ ಮರದ ಹಿಡಿಯ ಕರಿ ಚಾಕು. ಅಕ್ಕ ಉಟ್ಟಿದ್ದ ಪರಕಾರದ ಮಡಿಲಿನಿಂದ ಅಪ್ಪನ ಗಣಿಯ ಹಗ್ಗದ ತುಂಡೊಂದನ್ನು ತೆಗೆದಳು. ನವಿಲಿನ ಚಾಕು ಹಗ್ಗವನ್ನು ಜಗ್ಗಾಡಿತು, ಅಲಗು ಬಾಗಿತು. ಮರದ ಹಿಡಿಯದು ಒಂದೇ ಎಳೆತಕ್ಕೆ ಹಗ್ಗವನ್ನು ಎರಡು ಮಾಡಿತು.

ಚಾಚಾ ನೋಡುತ್ತಲೇ ಇದ್ದ. "ಮದ್ವಿ ಗಂಡು ನೋಡಾಕ ಬಂದಾಗೂ ಹಿಂಗೇ ಹಗ್ಗ ಹಿಡ್ಕೊಂಡು ಕುಂದರ್ತಿಯೇನು?"

"ಗಂಡು ಮೊಂಡ ಇದ್ರ ಸಾಣಿ ಹಿಡಿಸಾಕ ನಿಮ್ಮ ಕಡೀನೇ ಕರ್ಕೊಂಡು ಬರ್ತೀನಿ ತಗೋರಿ," ಎಂದಳು ಅಕ್ಕ.

ಮುದುಕ ಕೆಮ್ಮು ಬರುವಷ್ಟು ನಕ್ಕು, ಆ ಚಾಕುವಿಗೆ ಪುಕ್ಕಟೆಯಾಗಿ ಸಾಣೆ ಹಿಡಿದುಕೊಟ್ಟ. ಕಿಡಿಗಳು ಹಾರಿದವು. ಮಡಚಿದಾಗ ಅದು ಟಕ್ ಎಂದಿತು. ದಾರಿಯುದ್ದಕ್ಕೂ ಆ ಟಕ್ ಕೇಳಲೆಂದು ನಾನು ಅಕ್ಕನನ್ನು ಪೀಡಿಸಿದೆ.

ಸಂತೆಯ ದಿನ ಗಣಿಗೆ ಅರ್ಧ ದಿನ ರಜೆ, ಮಧ್ಯಾಹ್ನವೇ ಅಪ್ಪ ಬಂದ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಎನ್ನುತ್ತಿದ್ದರು. ಅದಕ್ಕೆ ಅಕ್ಕ ಅದನ್ನು ಅವನ ಮುಂದೆ ನೆಲದ ಮೇಲೆ ಇಟ್ಟಳು. ಅಪ್ಪ ಎತ್ತಿಕೊಂಡ, ತೆಗೆದ, ಬೆರಳಿನಿಂದ ಅಲಗನ್ನು ಸವರಿದ, ಮಡಚಿದ. ಹಳೆಯ ಚಾಕುವನ್ನು ಸೊಪ್ಪು ಹೆಚ್ಚಲೆಂದು ಅವ್ವನಿಗೆ ಕೊಟ್ಟು, ಗೂಡಿನಲ್ಲಿ ಬೀಗದ ಕೈಯ ಪಕ್ಕ ಹೊಸದನ್ನು ಇಟ್ಟ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಮತ್ತೆ ತೆಗೆದು ನೋಡಿದ. ಅಪ್ಪ ಕ್ರಮ ತಪ್ಪಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಸಂಜೆ ಗಣಿಯ ಹೊಸ ಸಾಹೇಬರು ನಮ್ಮ ಓಣಿಗೆ ಬಂದರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಬಹಳ ವರ್ಷಗಳಾಗಿರಲಿಲ್ಲ. ಇವರು ಅತ್ತ ಮೈಸೂರಿನ ಕಡೆಯವರು, ಬಂದು ತಿಂಗಳೂ ತುಂಬಿರಲಿಲ್ಲ. ಕೆಲಸಗಾರರ ಮನೆಗಳನ್ನು ನೋಡಬೇಕೆಂದು ಬಂದಿದ್ದರು. ಒಳ್ಳೆಯವರು. ನಮ್ಮ ಹೊರಸಿನ ಮೇಲೆ ಸಂಕೋಚವಿಲ್ಲದೆ ಕುಳಿತರು. ಅಪ್ಪ ಪೇರಲ ಹಣ್ಣು ಕೊಯ್ದು ತಟ್ಟೆಯಲ್ಲಿಟ್ಟ, ಹೊಸ ಚಾಕುವಿನಿಂದಲೇ.

"ಚಾಕು ತುಂಬಾ ಚೆನ್ನಾಗಿದೆ ಕಣ್ರೀ," ಎಂದರು ಸಾಹೇಬರು.

"ನಿಮ್ದೇ ಅದ್ರಿ ಸಾಹೇಬ್ರ. ಇಟ್ಕೋರಿ."

"ಛೆ, ಬೇಡ ಬೇಡ. ನಿಮಗೆ ಬೇಕಾಗುತ್ತೆ."

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಪ್ಪ ಎರಡನೆಯ ಸಲ ಹೇಳಲೇಬೇಕಿತ್ತು, ಹೇಳಿದ. "ಹಾಂಗ ಅನಬ್ಯಾಡ್ರಿ. ನಿಮಗಿಂತ ಇದು ಹೆಚ್ಚಿಂದೇನ್ರಿ? ಇಟ್ಕೋರಿ."

ಸಾಹೇಬರು ಅಪ್ಪನನ್ನು ನೋಡಿದರು, ನಮ್ಮನ್ನು ನೋಡಿದರು. ಅವರ ಮುಖ ಮೆತ್ತಗಾಯಿತು. "ಇಷ್ಟು ಪ್ರೀತಿಯಿಂದ ಹೇಳ್ತಿದ್ದೀರಿ. ಇನ್ನೂ ಬೇಡ ಅಂದ್ರೆ ನಿಮಗೆ ಅವಮಾನ ಮಾಡಿದ ಹಾಗಾಗುತ್ತೆ," ಎಂದು ಚಾಕುವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಟಕ್ ಎಂದಿತು.

ಅಪ್ಪ ನಗುತ್ತಿದ್ದ. ಅವರು ಓಣಿಯ ತಿರುವು ದಾಟುವವರೆಗೂ ಆ ನಗೆ ಅವನ ಮುಖದ ಮೇಲೆ ಹಾಗೆಯೇ ನಿಂತಿತ್ತು.

"ನಿಮ್ಮ ಕೈಯಾಗೇ ಚೆಂದ ಅಂತ ಅವರು ಯಾಕ ಅನಲಿಲ್ಲಪ್ಪ?" ಎಂದು ನಾನು ಕೇಳಿದೆ.

"ಅವರಿಗೆ ಯಾರೂ ಕಲಿಸಿಲ್ಲ," ಎಂದ ಅಪ್ಪ.

"ನಾಳಿ ಕೇಳಿ ಇಸ್ಕೊಂಡು ಬಾ. ಮಕ್ಕಳು ಕೊಟ್ಟಿದ್ದು ಅಂತ ಹೇಳು," ಎಂದಳು ಅಕ್ಕ.

"ಎರಡ ಸಲ ಇಟ್ಕೋರಿ ಅಂದದ್ದು ಇದೇ ಬಾಯಿ. ಇದೇ ಬಾಯಿಲೆ ಹೊಳ್ಳಿ ಕೊಡ್ರಿ ಅನ್ನಲೇನು?"

"ಬೆರಳ ಯಾರದು?" ಎಂದಳು ಅಕ್ಕ.

ಅಪ್ಪ ಅವ್ವನ ಹತ್ತಿರ ಹೋಗಿ ಹಳೆಯ ಚಾಕುವನ್ನು ಈಸಿಕೊಂಡು, ಸೊಪ್ಪಿನ ನೀರು ಒರೆಸಿ, ಹಿಡಿಗೆ ದಾರ ಸುತ್ತತೊಡಗಿದ.

ಸಾಹೇಬರು ಆ ಚಾಕುವನ್ನು ಮೇಜಿನ ಮೇಲೆ ಇಟ್ಟುಕೊಂಡು ಅದರಿಂದ ಪೆನ್ಸಿಲ್ ಹೆರೆಯುತ್ತಿದ್ದರಂತೆ. ಬಂದವರಿಗೆಲ್ಲ ಅಪ್ಪನನ್ನು ತೋರಿಸಿ, ಈ ಕಡೆಯ ಜನ ಎಂಥ ದೊಡ್ಡ ಮನಸ್ಸಿನವರು ನೋಡಿ ಎನ್ನುತ್ತಿದ್ದರಂತೆ. ಮಳೆಗಾಲದಲ್ಲಿ ಹಗ್ಗ ನೆನೆದು ಗಡುಸಾಯಿತು. ಅಪ್ಪ ಬಲಹಾಕಿ ಕೊಯ್ಯುವಾಗ ಹಳೆಯ ಅಲಗು ಪೂರ್ತಿ ಮಡಚಿಕೊಂಡಿತು. ಗಾಯ ಮಾಯಿತು, ಹೆಬ್ಬೆರಳು ಮಾತ್ರ ಮತ್ತೆ ಬಾಗಲಿಲ್ಲ. ಬಾಗದ ಬೆರಳಿನಿಂದ ಗಂಟು ಬಿಗಿಯಲು ಬರುವುದಿಲ್ಲ. ಸಾಹೇಬರೇ ಕರುಣೆಯಿಂದ ಅವನಿಗೆ ಗಣಿಯ ಕಲ್ಲಿನ ಪುಡಿ ಗುಡಿಸುವ ಕೆಲಸ ಕೊಡಿಸಿದರು. ಕೂಲಿ ಕಡಿಮೆ. ಅಪ್ಪ ಅವರಿಗೆ ಕೈಮುಗಿದು ಬಂದ.

ಆಮೇಲೆ ಅಪ್ಪ ಯಾರಿಗೂ "ನಿಮ್ದೇ ಅದ" ಎನ್ನಲಿಲ್ಲ. ಒಮ್ಮೆ ಸಂತೆಯಲ್ಲಿ ಚಾಚಾ ಅವನ ರುಮಾಲನ್ನು ಮೆಚ್ಚಿ, ಚೆಂದ ಅದ ಎಂದ. ಅಪ್ಪ ಹೂಂ ಎಂದು ಸುಮ್ಮನಾದ. ಮುದುಕ ಉಳಿದ ಮಾತಿಗಾಗಿ ಕಾಯ್ದ. ಕಾಯ್ದು, ಮುಖ ತಿರುಗಿಸಿ ಸಾಣೆಯ ಚಕ್ರ ತಿರುವಿದ. ಊರಲ್ಲಿ ಅಪ್ಪನಿಗೆ ಸೊಕ್ಕಿನವನೆಂಬ ಹೆಸರು ಬಂತು. ಸಾಯುವವರೆಗೂ ಆ ಹೆಸರು ಹೋಗಲಿಲ್ಲ.

ನಿಮ್ಮ ಕಾಲ ಬೇರೆ, ಮೊಮ್ಮಕ್ಕಳೇ. ನಿಮ್ಮ ವಸ್ತುವನ್ನು ಯಾರಾದರೂ ಚೆಂದ ಎಂದರೆ ಥ್ಯಾಂಕ್ಸ್ ಎನ್ನುತ್ತೀರಿ, ವಸ್ತುವನ್ನು ಹಿಡಿದುಕೊಂಡೇ ಇರುತ್ತೀರಿ. ಅದು ಚೊಕ್ಕ ವ್ಯವಸ್ಥೆ, ನಾನು ತಪ್ಪೆನ್ನುವುದಿಲ್ಲ. ಕಳೆದ ವಾರ ನಿಮ್ಮಲ್ಲೇ ಚಿಕ್ಕವಳು ನನ್ನ ಕೈ ಹಿಡಿದು, "ಮುತ್ಯಾ, ನಿನ್ನ ಗಡಿಯಾರ ಭಾಳ ಚೆಂದ ಅದ" ಎಂದಳು. ಇಷ್ಟು ವರ್ಷ ಬಾಯಲ್ಲೇ ಉಳಿದಿದ್ದ ಮಾತು ಹೊರಗೆ ಬಂದುಬಿಟ್ಟಿತು. "ನಿಂದೇ ಅದವ್ವ, ಇಟ್ಕೋ."

ಅವಳು ಕೂಡಲೇ ಕೈ ಚಾಚಿದಳು. ನಾನು ಬಿಚ್ಚಿ ಅವಳ ಕೈಗೆ ಕಟ್ಟಿದೆ. ಅವಳಿಗೂ ಯಾರೂ ಕಲಿಸಿಲ್ಲ. ಗಡಿಯಾರ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅಪ್ಪನ ಹೆಬ್ಬೆರಳಿನಂತಲ್ಲ, ನನ್ನ ಬೆರಳುಗಳೆಲ್ಲ ಮಡಚುತ್ತವೆ.